ಬಲಭುಜ ಮೊದಲು

ಆ ನವೆಂಬರಿನಲ್ಲಿ ಒಗೆದ ಬಟ್ಟೆ ಒಣಹಾಕುವುದಕ್ಕೂ ಧೈರ್ಯ ಬೇಕಾಗಿತ್ತು. ಹಳದಿ ದಿಂಬಿನ ಚೀಲದ ಪಕ್ಕ ನೀಲಿ ಲಂಗ ಬಿತ್ತೋ, ನೀವು ಉಕ್ರೇನಿನ ಕಡೆಯವರು. ಬಿಳಿ ಹೊದಿಕೆಯ ಪಕ್ಕ ಕೆಂಪು ಶಾಲು ಬಿತ್ತೋ, ಪೋಲೆಂಡಿನ ಕಡೆಯವರು. ನನ್ನ ಹತ್ತಿರ ಇದ್ದದ್ದೇ ಒಂದು ನೀಲಿ ಲಂಗ, ಅದಕ್ಕೆ ನಾನೇನು ಮಾಡಲಿ? ಮಹಡಿಯ ಜಗಲಿಯ ಹಗ್ಗಕ್ಕೆ ಹಾಕಿದೆ. ಪಕ್ಕದಲ್ಲಿದ್ದ ದಿಂಬಿನ ಚೀಲ ಹುಟ್ಟಾ ಹಳದಿಯೂ ಅಲ್ಲ, ಹಳತಾಗಿ ಹಾಗಾದದ್ದು. ಕೆಳಗಿನ ಮನೆಯ ಪಾನಿ ಎಮಿಲಿಯಾ ಅಂಗಳಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ನೋಡಿದಳು.

"ಏನಮ್ಮಾ ತೇಕ್ಲಾ, ಬಾವುಟ ಹಾರಿಸ್ತಿದ್ದೀಯಾ?"

"ಲಂಗ ಪಾನಿ, ಲಂಗ. ಬೇಕಾದ್ರೆ ಮೇಲೆ ಬಂದು ಮೂಸಿ ನೋಡಿ."

"ಯಾರಿಗೆ ಸನ್ನೆ ಮಾಡ್ತೀಯ ಅಂತ ನಂಗೆ ಗೊತ್ತಿಲ್ಲ ಅನ್ಕೋಬೇಡ."

"ಸನ್ನೆ ಮಾಡೋ ವಯಸ್ಸು ನಂದು ದಾಟಿ ಹೋಯ್ತು. ನೀವು ಹೊತ್ತಿಲ್ಲದ ಹೊತ್ತಲ್ಲಿ ಪಿಯಾನೋ ಬಾರಿಸ್ತೀರಲ್ಲ, ಅದು ಯಾರಿಗೆ ಸನ್ನೆ ಅಂತ ನಾನು ಕೇಳಿದ್ನಾ?"

ಅವಳು ಧಡಾರನೆ ಬಾಗಿಲು ಹಾಕಿಕೊಂಡಳು. ನಾನು ಲಂಗ ತೆಗೆದು ಒಳಗೆ ಒಲೆಯ ಹತ್ತಿರ ಒಣಗಿಸಿದೆ. ಬಾಯಿ ಜೋರಿದ್ದರೇನು, ಹೆದರಿಕೆ ನನಗೂ ಇತ್ತು.

ಪಾನಿ ಎಮಿಲಿಯಾ ಅಂಚೆ ಅಧಿಕಾರಿಯೊಬ್ಬನ ವಿಧವೆ, ಅಪ್ಪಟ ಪೋಲಿಷ್ ಹೆಂಗಸು. ಹೆಸರಿಗೆ ಮೊದಲು ಪಾನಿ, ಅಂದರೆ ಅಮ್ಮಾವ್ರು, ಅಂತ ಸೇರಿಸದೆ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನನ್ನು ಮಾತ್ರ ಬರೀ ತೇಕ್ಲಾ ಅನ್ನುವಳು. ಯಾಕೆಂದರೆ ನಾನು ಹಳ್ಳಿಯಿಂದ ಬಂದ ಉಕ್ರೇನಿ ಹೆಣ್ಣು. ಮದುವೆಗೆ ಮುಂಚೆ ನ್ಯಾಯಾಧೀಶರೊಬ್ಬರ ಮನೆಯಲ್ಲಿ ಕಸ ಮುಸುರೆಗೆ ಇದ್ದವಳು. ಆ ಸಂಗತಿಯನ್ನು ಅವಳು ಯಾವತ್ತೂ ಮರೆತಿರಲಿಲ್ಲ, ನನಗೂ ಮರೆಯಗೊಡುತ್ತಿರಲಿಲ್ಲ.

ಅಷ್ಟು ವರ್ಷ ಈ ಜಗಳ ಅಂಗಳದ ಜಗಳವಾಗಿಯೇ ಇತ್ತು. ಮೇಲೆ ಆಸ್ಟ್ರಿಯಾದ ಚಕ್ರವರ್ತಿ ಇದ್ದ. ನಮ್ಮಿಬ್ಬರನ್ನೂ ಬಯ್ಯಲು ಅವನ ಪೊಲೀಸಿನವನಿದ್ದ. ಆಮೇಲೆ ವಿಯೆನ್ನಾದ ಸಿಂಹಾಸನ ಕುಸಿಯಿತು. ಒಂದು ಬೆಳಗ್ಗೆ ಎದ್ದು ನೋಡಿದರೆ ಪುರಭವನದ ಮೇಲೆ ನಮ್ಮ ನೀಲಿ ಹಳದಿ ಬಾವುಟ. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಆ ನೀರು ಆರುವುದರೊಳಗೆ ರೈಲು ನಿಲ್ದಾಣದ ಕಡೆಯಿಂದ ಪೋಲರು ಗುಂಡು ಹಾರಿಸತೊಡಗಿದರು. ಊರು ನಡುವೆ ಸೀಳಿತು. ನಿಲ್ದಾಣದ ಆಚೆ ಅವರು, ಮಾರುಕಟ್ಟೆಯ ಈಚೆ ಇವರು. ಎರಡೂ ಕಡೆಯವರ ಮೈಮೇಲೆ ಅದೇ ಚಕ್ರವರ್ತಿಯ ಬೂದು ಅಂಗಿ, ಟೋಪಿಯ ಪಟ್ಟಿ ಮಾತ್ರ ಬೇರೆ. ಊರಿನ ಹೆಸರೂ ಅಷ್ಟೆ, ನಾವು ಲ್ವಿವ್ ಅಂದರೆ ಅವರು ಲ್ವೂಫ್ ಅನ್ನುತ್ತಿದ್ದರು. ನಾನು ಯಾರ ಹತ್ತಿರ ಮಾತಾಡಿದರೂ ಸುಮ್ಮನೆ "ಊರು" ಅನ್ನತೊಡಗಿದೆ.

ನಮ್ಮ ಬೀದಿ ಉಕ್ರೇನಿನವರ ಕೈಯಲ್ಲಿತ್ತು. ಹಾಗಿದ್ದ ಮೇಲೆ ನನಗೇನು ಭಯ ಅಂತ ನೀವು ಕೇಳಬಹುದು. ನನಗೆ ಮಗ ಇದ್ದನಲ್ಲ, ಅದೇ ಭಯ.

ನನ್ನ ಗಂಡ ಇಗ್ನಾತ್ಸಿ ಟ್ರಾಮಿನ ಕಂಡಕ್ಟರ್, ಪೋಲಿಷ್ ಮನುಷ್ಯ. ಇಂಥ ಮದುವೆಗಳು ನಮ್ಮೂರಲ್ಲಿ ಬೇಕಾದಷ್ಟು ಆಗುತ್ತಿದ್ದವು, ಅದಕ್ಕೊಂದು ಕಟ್ಟಳೆಯೂ ಇತ್ತು. ಗಂಡು ಹುಟ್ಟಿದರೆ ಅಪ್ಪನ ಚರ್ಚಿಗೆ, ಹೆಣ್ಣು ಹುಟ್ಟಿದರೆ ಅಮ್ಮನ ಚರ್ಚಿಗೆ. ಹೆಣ್ಣಾಗಿದ್ದರೆ ನನ್ನ ಪಾಲು. ಹುಟ್ಟಿದ್ದು ಒಂದೇ, ಅದೂ ಗಂಡು. ಸೆವೆರಿನ್ ಅಂತ ಹೆಸರಿಟ್ಟು ಅಪ್ಪನ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿದರು. ಒಂದೇ ಪೋಪರು, ಒಂದೇ ಏಸು, ಆದರೂ ಪದ್ಧತಿ ಬೇರೆ, ಅವರ ಕ್ರಿಸ್ಮಸ್ ಮುಗಿದು ಹಬ್ಬದ ಎಲೆಕೋಸು ಹಳಸಿದ ಮೇಲೆ ನಮ್ಮ ಕ್ರಿಸ್ಮಸ್. ಶಿಲುಬೆ ಗುರುತೂ ಹಾಗೆಯೇ. ಹಣೆ, ಎದೆ ಮುಟ್ಟಿದ ಮೇಲೆ ಅವರು ಅಂಗೈ ಚಾಚಿ ಎಡಭುಜ ಮೊದಲು ಮುಟ್ಟುತ್ತಾರೆ. ನಾವು ಮೂರು ಬೆರಳು ಕೂಡಿಸಿ ಬಲಭುಜ ಮೊದಲು.

ಮಗು ಚಿಕ್ಕದಿದ್ದಾಗ ಅಡುಗೆಮನೆಯಲ್ಲಿ ನನ್ನ ಎದುರು ಕೂತು ನಾನು ಮಾಡಿದ್ದನ್ನು ನೋಡಿ ಮಾಡುತ್ತಿತ್ತು. ಎದುರು ಕೂತವನಿಗೆ ನನ್ನ ಬಲ ಅವನ ಎಡ ತಾನೆ? ಹೀಗೆ ನನ್ನಿಂದಲೇ ಕಲಿತು ತನ್ನ ಅಪ್ಪನ ಹಾಗೆ ಗುರುತು ಹಾಕತೊಡಗಿದ. ಇಗ್ನಾತ್ಸಿ ನಕ್ಕೂ ನಕ್ಕೂ ಸುಸ್ತಾದ. ಆಮೇಲೆ ಅವನನ್ನು ಯುದ್ಧಕ್ಕೆ ಎಳೆದುಕೊಂಡು ಹೋದರು, ಇಟಲಿಯ ಬೆಟ್ಟದಲ್ಲಿ ಸತ್ತ. ಸೆವೆರಿನ್ ಮೀಸೆ ಚಿಗುರಿಸಿಕೊಂಡು ರೈಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ನನಗೆ ಉಳಿದದ್ದು ಅವನೊಬ್ಬನೇ.

ಉಕ್ರೇನಿನ ಸಿಪಾಯಿಗಳು ಮನೆ ಮನೆ ಹೊಕ್ಕು ಪೋಲಿಷ್ ಹುಡುಗರನ್ನು ಹಿಡಿಯುತ್ತಿದ್ದಾರೆ ಅನ್ನುವ ಸುದ್ದಿ ಬಾವಿಯ ಹತ್ತಿರ ಕೇಳಿದೆ. ಆಚೆ ದಾಟಿ ಬಂದೂಕು ಹಿಡಿಯಬಾರದು ಅಂತ ಕೂಡಿಹಾಕುತ್ತಾರಂತೆ. ಕೂಡಿಹಾಕಿದವರಲ್ಲಿ ಕೆಲವರು ಎಲ್ಲಿ ಹೋದರೆಂದು ಗೊತ್ತಿಲ್ಲವಂತೆ. ನೀರಿನ ಕೊಡ ಅಲ್ಲೇ ಬಿಟ್ಟು ಮನೆಗೆ ಓಡಿದೆ.

"ನಾಳೆಯಿಂದ ನೀನು ನಮ್ಮೋನು," ಅಂದೆ. "ನಮ್ಮ ಪ್ರಾರ್ಥನೆ, ನಮ್ಮ ಶಿಲುಬೆ."

"ನಾನು ಪೋಲ್ ಅಮ್ಮಾ. ಅಪ್ಪನ ಮಗ."

"ಅಪ್ಪನ ಮಗನೇ ಕಣೋ, ಯಾರಲ್ಲ ಅಂದ್ರು? ನಂಗೆ ಬದುಕಿರೋ ಮಗ ಬೇಕು."

"ಕಾರ್ಖಾನೆ ಹುಡುಗ್ರೆಲ್ಲ ಆಚೆ ಬಂದೂಕು ಹಿಡ್ಕೊಂಡವ್ರೆ. ನಾನಿಲ್ಲಿ ಅಡುಗೆಮನೇಲಿ ಕೂತು ಕೈ ತಿರುಗಿಸೋದು ಕಲೀಲಾ?"

"ಹೂಂ, ಕಲಿ. ಇಲ್ಲಾಂದ್ರೆ ಈಗ್ಲೇ ಹೋಗು, ನನ್ನ ಹೆಣ ದಾಟ್ಕೊಂಡು ಹೋಗು."

ಕಲಿತ. ಆದರೆ ಎದುರು ನಿಂತು ಕಲಿಸಿದರೆ ಮತ್ತೆ ಅದೇ ಎಡವಟ್ಟು. ಅದಕ್ಕೇ ಬೆನ್ನ ಹಿಂದೆ ನಿಂತು, ಅವನ ಕೈ ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ತಿದ್ದಿಸಿದೆ. ಹಣೆ, ಎದೆ, ಬಲಭುಜ, ಎಡಭುಜ. ಪ್ರಾರ್ಥನೆ ಬೇಗ ಬಂತು, ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದೇ. ಕೈ ಮಾತ್ರ ಹಳೇ ದಾರಿ ಬಿಡಲಿಲ್ಲ. ನಿಧಾನವಾಗಿ ಕೇಳಿದರೆ ಸರಿಯಾಗಿ ಹಾಕುವನು, ಗಾಬರಿಯಾದರೆ ಎಡಕ್ಕೆ ಹೋಗುವುದು. ಬಂದೂಕಿನವನು ಸಾವಕಾಶವಾಗಿ ಕೇಳುತ್ತಾನೆಯೇ? ನಾನು ಉಪಾಯ ಮಾಡಿದೆ. ಅವನು ಊಟ ಮಾಡುವಾಗ, ಬೂಟು ಹಾಕಿಕೊಳ್ಳುವಾಗ, ಹಿಂದಿನಿಂದ ಹೋಗಿ ಪಾತ್ರೆಯ ಮುಚ್ಚಳ ನೆಲಕ್ಕೆ ಢಣ್ಣನೆ ಬಿಸಾಕುವೆ. ಬೆಚ್ಚಿ ಬೀಳುವನು. ಬೆಚ್ಚಿದೊಡನೆ ಗುರುತು ಹಾಕಬೇಕು. ಎಡಕ್ಕೆ ಹೋದರೆ ಕೈಮೇಲೆ ಸೌಟಿನ ಏಟು. ಬರಬರುತ್ತಾ ಮುಚ್ಚಳ ಬಿದ್ದ ಕ್ಷಣಕ್ಕೆ ಅವನ ಮೂರು ಬೆರಳು ತಾವಾಗಿ ಕೂಡಿ ಬಲಭುಜಕ್ಕೆ ಹಾರತೊಡಗಿದವು. ನನಗೆ ಹೆಮ್ಮೆಯಾಯಿತು.

ಸಿಪಾಯಿಗಳು ಒಂದು ಮಧ್ಯಾಹ್ನ ಬಂದರು. ಮುಂದೆ ಒಬ್ಬ ಕಾರ್ಪೊರಲ್, ನಮ್ಮ ಹಳ್ಳಿ ಕಡೆಯ ಮಾತು, ಮುಖದ ತುಂಬ ಅನುಮಾನ. ಪಾನಿ ಎಮಿಲಿಯಾ ಅಂಗಳದಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಮೇಲೆ ಜಗಲಿಗೆ ನಮ್ಮ ಬಾಗಿಲು ತೆರೆದೇ ಇತ್ತು.

"ಇವನ್ಯಾರು?"

"ನನ್ನ ಮಗ." ಸೆವೆರಿನ್ ಕಾರ್ಖಾನೆಯಲ್ಲಿ ಕೆಲಸ ಅಂತ ನಮ್ಮ ಮಾತಿನಲ್ಲೇ ಹೇಳಿದ.

"ಮಾತು ಪೋಲಿಷ್ ವಾಸನೆ ಹೊಡೀತದಲ್ಲ?"

"ಈ ಊರಲ್ಲಿ ಬೆಕ್ಕೂ ಪೋಲಿಷಲ್ಲೇ ಮಿಯಾಂವ್ ಅನ್ನೋದು ಕಣಪ್ಪಾ. ಕಾರ್ಖಾನೇಲಿ ಮೇಸ್ತ್ರಿಗಳೆಲ್ಲ ಅವರೇ, ಹುಡುಗ ಇನ್ಯಾವ ಮಾತು ಕಲಿತಾನೆ?"

ಕಾರ್ಪೊರಲ್ ನಗಲಿಲ್ಲ. ಸುಮ್ಮನೆ ತಿರುಗಿ ಹೊರಟವನ ಹಾಗೆ ಮಾಡಿ, ಬಂದೂಕಿನ ಹಿಡಿಯನ್ನು ನೆಲಕ್ಕೆ ಬಲವಾಗಿ ಗುದ್ದಿದ. ಸೆವೆರಿನ್ ಬೆಚ್ಚಿದ. ಮೂರು ಬೆರಳು ಕೂಡಿದವು. ಹಣೆ, ಎದೆ, ಬಲಭುಜ. ಕಾರ್ಪೊರಲ್ "ಏಸುವಿಗೆ ಸ್ತುತಿಯಾಗಲಿ ಅವ್ವಾ" ಅಂದು ಮೆಟ್ಟಿಲಿಳಿದು ಹೋದ. ನಾನು ಕಲ್ಲಿದ್ದಲ ಡಬ್ಬದ ಮೇಲೆ ಕೂತುಬಿಟ್ಟೆ.

ಕೆಳಗೆ ಪಾನಿ ಎಮಿಲಿಯಾ ಇನ್ನೂ ನಿಂತೇ ಇದ್ದಳು. ಅವಳು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಈ ಹುಡುಗ ಪ್ರತಿ ಭಾನುವಾರ ನಮ್ಮ ಚರ್ಚಿಗೆ ಬರುತ್ತಾನೆ ಅಂತ. ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಒಳ್ಳೆಯತನವೋ, ಇನ್ನಾವತ್ತಿಗಾದರೂ ಇರಲಿ ಅಂತ ಗಂಟು ಕಟ್ಟಿ ಇಟ್ಟುಕೊಂಡಳೋ? ನನಗೆ ಎರಡನೆಯದೇ ನಿಜ ಅನ್ನಿಸಿತು. ಆಮೇಲೆ ಅವಳು ನನ್ನನ್ನು ನೋಡಿದಾಗಲೆಲ್ಲ ತುಟಿಯಂಚಿನಲ್ಲಿ ಏನೋ ಇರುತ್ತಿತ್ತು.

ಮೂರನೆಯ ವಾರ ಮುಗಿಯುವ ಹೊತ್ತಿಗೆ ನಮ್ಮವರು ಸದ್ದಿಲ್ಲದೆ ಊರು ಬಿಟ್ಟು ಹೋದರು. ಬೆಳಗ್ಗೆ ಪೋಲರ ಚರ್ಚಿನ ಗಂಟೆಗಳೆಲ್ಲ ಒಟ್ಟಿಗೆ ಮೊಳಗಿದವು. ಪಾನಿ ಎಮಿಲಿಯಾ ಟ್ರಂಕಿನಿಂದ ಬಿಳಿ ಕೆಂಪು ಬಟ್ಟೆ ತೆಗೆದು ಕಿಟಕಿಗೆ ಕಟ್ಟಿ, ಟೋಪಿಯಿಟ್ಟು, ಕೃತಜ್ಞತೆಯ ಪೂಜೆಗೆ ಹೊರಟಳು. ಸೆವೆರಿನ್ ಕೂಡ ಕುಣಿಯುತ್ತಾ ಹೊರಟ. ನಾನು ಬೇಡ ಅಂದೆ.

"ಇನ್ಯಾಕಮ್ಮಾ ಹೆದ್ರಿಕೆ? ಇವ್ರು ನಮ್ಮೋರು!"

ನಮ್ಮೋರು ಅನ್ನುವಾಗ ಅವನ ಮುಖ ಅರಳಿತ್ತು. ನನಗೆ ಒಳಗೆ ಚುರ್ರೆಂದಿತು. ಆದರೂ ಹೋಗಲಿ, ಬದುಕಿದನಲ್ಲ ಅಂದುಕೊಂಡು ಅವನ ಕುತ್ತಿಗೆಗೆ ಮಫ್ಲರ್ ಸುತ್ತಿ ಕಳಿಸಿದೆ.

ಬಾರ್ಲಿ ಗಂಜಿ ಬೇಯುವ ಹೊತ್ತಿಗೆ ಪಾನಿ ಎಮಿಲಿಯಾ ವಾಪಸು ಬಂದಳು. ಯಾವತ್ತೂ ನಮ್ಮ ಮೆಟ್ಟಿಲು ಹತ್ತದವಳು ಏದುಸಿರು ಬಿಡುತ್ತಾ ನನ್ನ ಬಾಗಿಲಿಗೆ ಬಂದು ನಿಂತಳು.

"ನಿನ್ನ ಮಗನ್ನ ಹಿಡ್ಕೊಂಡು ಹೋದ್ರು."

"ಯಾರು?"

"ಯಾರೇನು, ನಮ್ಮೋರೇ. ಚರ್ಚಿನ ಗೋಡೆ ಹತ್ರ ಸತ್ತ ಹುಡುಗ್ರನ್ನ ಸಾಲಾಗಿ ಮಲಗಿಸಿದ್ರು. ಇವನು ಟೋಪಿ ತೆಗೆದು ನೋಡ್ತಾ ನಿಂತಿದ್ದ. ಎಲ್ಲೋ ಹತ್ರದಲ್ಲೇ ಒಂದು ಗುಂಡು ಹಾರ್ತು." ಅವಳು ಉಸಿರೆಳೆದುಕೊಂಡು, ಮೂರು ಬೆರಳು ಕೂಡಿಸಿ, ತನ್ನ ಬಲಭುಜ ಮುಟ್ಟಿ ತೋರಿಸಿದಳು. "ಇಷ್ಟು ಜನರ ಮುಂದೆ! ಸಿಪಾಯಿ ಕತ್ತಿನ ಪಟ್ಟಿ ಹಿಡ್ಕೊಂಡ. ಸತ್ತೋರ ಲೆಕ್ಕ ನೋಡೋಕೆ ಬಂದ ಉಕ್ರೇನಿ ಗೂಢಚಾರ ಅಂತ."

"ನೀವಲ್ಲೇ ಇದ್ರಲ್ಲ! ಇವನು ನಮ್ಮೋನು ಅಂತ ಒಂದು ಮಾತು ಹೇಳ್ಲಿಲ್ವಾ?"

"ನನ್ನನ್ನ ಯಾರು ಕೇಳಿದ್ರು?"

ಅವಳ ಕಣ್ಣು ನನ್ನ ಕಣ್ಣು ತಪ್ಪಿಸಿತು. ಇವಳೇ ತೋರಿಸಿಕೊಟ್ಟಿರಬೇಕು ಅಂತ ನನ್ನ ಮನಸ್ಸು ಕಿರುಚಿತು. ಹಾಗೆ ಮಾಡಿದ್ದರೆ ಮೆಟ್ಟಿಲು ಹತ್ತಿ ಬಂದು ಯಾಕೆ ಹೇಳುತ್ತಿದ್ದಳು? ನನ್ನ ಮುಖ ನೋಡಲಿಕ್ಕೇ ಬಂದಿರಬಹುದು. ಯೋಚನೆ ಮಾಡುತ್ತಾ ನಿಲ್ಲುವ ಹೊತ್ತಾಗಿರಲಿಲ್ಲ. ಒಲೆಯ ಮೇಲಿನ ಗಂಜಿ ಹಾಗೇ ಬಿಟ್ಟು, ತಲೆಗೆ ವಸ್ತ್ರ ಕಟ್ಟಿಕೊಂಡು ಓಡಿದೆ. ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಆ ಕೈಯನ್ನು ತಿದ್ದಿದ್ದು ನಾನು. ಮುಚ್ಚಳ ಬಿಸಾಕಿದ್ದು ನಾನು.

ಬೀದಿಯಲ್ಲಿ ಜನ ಹಾಡುತ್ತಿದ್ದರು. ಯಹೂದಿಗಳ ಕೇರಿಯ ಕಡೆಯಿಂದ ಕಪ್ಪು ಹೊಗೆ ಏಳುತ್ತಿತ್ತು. ಅಲ್ಲಿ ದೋಚಿಕೊಂಡು ಬರುತ್ತಿದ್ದವರ ಕೈಯಲ್ಲಿ ಗೋಡೆ ಗಡಿಯಾರ, ಗರಿಯ ಹಾಸಿಗೆ, ಮಕ್ಕಳ ಬೂಟು. ಆ ಕೇರಿಯವರು ಎರಡೂ ಕಡೆಗೆ ಸೇರದೆ ಬಾಗಿಲು ಹಾಕಿಕೊಂಡು ಕೂತಿದ್ದ ಪಾಪದವರು. ಅವರನ್ನೂ ಯಾವುದೋ ಗುಮಾನಿಯ ಮೇಲೆಯೇ ಸುಡುತ್ತಿದ್ದರು. ಗಡಿಯಾರ ಹೊತ್ತವನೊಬ್ಬ ನನಗೆ ಡಿಕ್ಕಿ ಹೊಡೆದು, "ದಾರಿ ಬಿಡೇ ಮುದುಕಿ" ಅಂದ. ಬಿಟ್ಟೆ. ಅವತ್ತು ನನಗೆ ನನ್ನ ಮಗನ ಹೊರತು ಬೇರೆ ಯಾರಿಗಾಗಿಯೂ ಅಳಲು ಪುರುಸೊತ್ತಿರಲಿಲ್ಲ.

ಹಿಡಿದವರನ್ನು ಒಂದು ಶಾಲೆಯ ಕಟ್ಟಡದಲ್ಲಿ ಕೂಡಿಹಾಕಿದ್ದರು. ಬಾಗಿಲಲ್ಲಿ ಅತ್ತು ಕರೆದು ಒಳಗೆ ಹೋದೆ. ಮೇಷ್ಟರ ಮೇಜಿನ ಹಿಂದೆ ಒಬ್ಬ ಲೆಫ್ಟಿನೆಂಟ್ ಕೂತಿದ್ದ. ಎಳೆಯ ಮುಖ, ನಿದ್ದೆಯಿಲ್ಲದೆ ಕೆಂಪಾದ ಕಣ್ಣು, ಒಂದು ಕೈಗೆ ಬ್ಯಾಂಡೇಜು. ಮಾತು ಮಾತ್ರ ಮೆತ್ತಗೆ. ಬೈಯುವವನಾಗಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಸೆವೆರಿನ್ ಅಂತ ಒಬ್ಬ ಹುಡುಗ, ಸ್ವಾಮಿ. ಅವನು ಪೋಲಿಷ್ ಹುಡುಗ, ಏನೋ ತಪ್ಪಾಗಿದೆ."

"ಆ ಹುಡುಗನಾ? ಪೋಲಿಷ್ ಚೆನ್ನಾಗಿ ಮಾತಾಡ್ತಾನೆ. ಪ್ರಾರ್ಥನೆಗಳೆಲ್ಲ ಬರುತ್ತೆ. ಗೂಢಚಾರನನ್ನ ಕಳಿಸೋರು ಅಷ್ಟೂ ಕಲಿಸದೆ ಕಳಿಸ್ತಾರಾ?" ಅವನು ಬ್ಯಾಂಡೇಜಿನ ಕೈ ನೋಡಿಕೊಂಡ. "ನಾಲಿಗೆಗೆ ಏನು ಬೇಕಾದ್ರೂ ಕಲಿಸಬಹುದು. ಹೆದರಿದಾಗ ಕೈ ಎತ್ತ ಹೋಗುತ್ತೋ ಅದೇ ಅವನ ಜಾತಿ. ಅದು ತಾಯಿಯಿಂದ ಬರೋದು. ಇವನ ತಾಯಿ ಉಕ್ರೇನಿನೋಳು, ಬೇಕಾದ್ರೆ ಬಾಜಿ ಕಟ್ತೀನಿ. ಅಂಥ ಮನೆ ಕಿಟಕಿಗಳಿಂದಲೇ ನಮ್ಮ ಹುಡುಗ್ರ ಮೇಲೆ ಗುಂಡು ಬಿದ್ದಿದ್ದು."

ನಾನು ಅವನ ತಾಯಿ ಅಂತ ಹೇಳಲು ಬಾಯಿ ತೆರೆದಿದ್ದೆ. ಹೇಳಿದರೆ ಮುಗಿಯಿತು, ಅವನ ಬಾಜಿಯನ್ನು ನಾನೇ ಗೆಲ್ಲಿಸಿಕೊಟ್ಟ ಹಾಗೆ.

"ನೀನ್ಯಾರು?" ಅಂತ ಅವನು ಕೇಳಿದ.

ನನ್ನ ಬೆನ್ನು ತಾನಾಗಿ ಬಗ್ಗಿತು. ನ್ಯಾಯಾಧೀಶರ ಮನೆಯಲ್ಲಿ ಕಲಿತ ದನಿ, ಅಷ್ಟು ವರ್ಷದ ಮೇಲೆ, ಕರೆಯದೆಯೇ ಬಂತು.

"ಆ ಮನೆ ಆಳು ಸ್ವಾಮಿ. ತೇಕ್ಲಾ ಅಂತ. ಅವರ ತಾಯಿ ಪೋಲಿಷ್ ಅಮ್ಮಾವ್ರು, ಮಗು ಕೈಗೂಸಿದ್ದಾಗಲೇ ತೀರ್ಕೊಂಡ್ರು. ಎತ್ತಿ ಆಡ್ಸಿದೋಳು ನಾನು. ಹಳ್ಳಿ ಗಮಾರಿ, ನಂಗೆ ಬರೋದು ನಮ್ಮ ಶಿಲುಬೆ ಒಂದೇ. ಮಗು ನನ್ನ ನೋಡಿ ಕಲ್ತ್ಕೊಂಡುಬಿಡ್ತು. ತಪ್ಪು ನಂದು ಸ್ವಾಮಿ, ಚಿಕ್ಕ ಯಜಮಾನ್ರದಲ್ಲ."

ಲೆಫ್ಟಿನೆಂಟನ ಮುಖ ಸ್ವಲ್ಪ ಸಡಿಲವಾಯಿತು.

"ನನ್ನನ್ನ ಸಾಕಿದೋಳೂ ನಿಮ್ಮೋಳೇ," ಅಂದ. "ಗುಡುಗಿದ್ರೆ ಸಾಕು, ಮಂಚದ ಕೆಳಗೆ ನುಗ್ಗಿ ಹೀಗೇ ಶಿಲುಬೆ ಹಾಕೋಳು. ನಮ್ಮಮ್ಮ ಕೈಮೇಲೆ ಹೊಡೆದು ಹೊಡೆದು ನಂಗದನ್ನ ಬಿಡಿಸಿದ್ಲು." ನಕ್ಕ. ನಗು ಮುಗಿಯುವ ಮೊದಲೇ ಮತ್ತೆ ಅನುಮಾನ ಬಂದು ಕೂತಿತು. "ಇರು. ಹುಡುಗನ್ನೇ ಕೇಳೋಣ. ನೀನು ತುಟಿ ಪಿಟಕ್ಕನ್ನಬಾರದು."

ಸೆವೆರಿನ್‌ನನ್ನು ಕರೆತಂದರು. ಮೂಗಿನಿಂದ ರಕ್ತ ಸೋರಿ ಮಫ್ಲರಿನ ಮೇಲೆ ಒಣಗಿತ್ತು. ನನ್ನನ್ನು ಕಂಡೊಡನೆ ಅವನ ತುಟಿ ತೆರೆಯಿತು. ಆ ತುಟಿಯಿಂದ ಯಾವ ಶಬ್ದ ಬರುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಮಾತು ಕಲಿತದ್ದೇ ಆ ಶಬ್ದದಿಂದ.

"ಅಯ್ಯೋ ಚಿಕ್ಕ ಯಜಮಾನ್ರೇ! ಹೊಡೆದ್ರಾ?" ಅಂತ ನಾನು ಕೂಗಿಬಿಟ್ಟೆ.

"ಬಾಯ್ಮುಚ್ಚು!" ಲೆಫ್ಟಿನೆಂಟ್ ಮೇಜು ಗುದ್ದಿದ. "ಹೇಳೋ, ಈ ಹೆಂಗಸು ಯಾರು?"

ಸೆವೆರಿನ್ ನನ್ನ ತಲೆವಸ್ತ್ರ ನೋಡಿದ, ಬಗ್ಗಿದ ಬೆನ್ನು ನೋಡಿದ. ದೇವರೇ, ಅರ್ಥವಾಗಲಿ, ನನ್ನನ್ನು ತಾಯಿಯಲ್ಲ ಅನ್ನಲಿ ಅಂತ ನಾನು ಬೇಡಿಕೊಂಡೆ. ಲೋಕದಲ್ಲಿ ಯಾವ ತಾಯಿಯಾದರೂ ಹೀಗೆ ಬೇಡಿಕೊಂಡಿದ್ದಾಳೆಯೇ?

"ತೇಕ್ಲಾ," ಅಂದ. "ನಮ್ಮನೆ ಕೆಲಸದೋಳು."

"ಎಂಥೋಳು?"

"ಬಾಯಿ ಜೋರು. ಸಕ್ಕರೆ ಕದೀತಾಳೆ. ಬೇರೆ ಏನೂ ತೊಂದರೆ ಇಲ್ಲ."

ಲೆಫ್ಟಿನೆಂಟ್ ಜೋರಾಗಿ ನಕ್ಕ, ಬಾಗಿಲಲ್ಲಿದ್ದ ಸಿಪಾಯಿಯೂ ನಕ್ಕ. ನಾನು ಕೂಡ ನಾಚಿಕೊಂಡ ಆಳಿನ ಹಾಗೆ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡೆ. ಎಷ್ಟು ಚೆನ್ನಾಗಿ ಹೇಳಿದ! ತಡವರಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಅಷ್ಟು ಸಲೀಸಾಗಿ ಹೇಗೆ ಬಂತು ಅನ್ನುವ ಯೋಚನೆ ಬಂದದ್ದು ಆಗಲೇ. ಗೆಳೆಯರ ಮುಂದೆ ಇವನು ಮೊದಲೂ ಹೀಗೆ ಹೇಳಿದ್ದನೇನೋ, ಬೀದಿಯಲ್ಲಿ ನನ್ನನ್ನು ಕಂಡಾಗ, ಅವಳಾ, ನಮ್ಮನೆ ಕೆಲಸದವಳು ಅಂತ? ಛೆ, ಜೀವ ಉಳಿಸಿದ ಮಾತಿಗೇ ಅನುಮಾನ ಪಡುತ್ತೀಯಲ್ಲೇ ಪಾಪಿ ಅಂತ ನನ್ನನ್ನೇ ಬೈದುಕೊಂಡೆ. ಆದರೂ ಅದು ಹೋಗಲಿಲ್ಲ.

"ನಿಮ್ಮ ಮನೇಲಿ ಮರ್ಯಾದಸ್ಥ ಪೋಲಿಷ್ ಜನ ಯಾರಿದ್ದಾರೆ?" ಅಂತ ಲೆಫ್ಟಿನೆಂಟ್ ಕೇಳಿದ. "ಅವರು ಹೌದು ಅಂದ್ರೆ ಇವನನ್ನ ಬಿಡ್ತೀವಿ. ಅಲ್ಲ ಅಂದ್ರೆ ಇಬ್ಬರನ್ನೂ ಇಲ್ಲಿಗೇ ವಾಪಸು ಕರೆಸ್ತೀನಿ."

ಇದ್ದವಳು ಒಬ್ಬಳೇ, ಪಾನಿ ಎಮಿಲಿಯಾ. ಹೆಸರು ಹೇಳದೆ ಗತಿಯಿರಲಿಲ್ಲ.

ನಗುತ್ತಿದ್ದ ಸಿಪಾಯಿಯನ್ನೇ ಜೊತೆಗೆ ಕಳಿಸಿದರು. ಅವನೂ ಸೆವೆರಿನ್‌ನೂ ಮುಂದೆ, ನಾನು ಸೆವೆರಿನ್‌ನ ಕೋಟು ಹೊತ್ತುಕೊಂಡು ಹಿಂದೆ. ಅವಳಿಗೆ ಒಂದು ಸುಳಿವು ಕೊಡೋಣವೆಂದರೆ ಮುಂದೆ ಓಡುವ ಹಾಗಿಲ್ಲ. ಕೊಟ್ಟರೂ ಅವಳು ಯಾಕೆ ಒಪ್ಪಿಯಾಳು? ಲಂಗ ಮೂಸಿ ನೋಡು ಅಂದಿದ್ದೆ. ಪಿಯಾನೋ ಮಾತು ಆಡಿದ್ದೆ. ಅದಕ್ಕೂ ಹಿಂದೆ, ಅವಳ ಗಂಡ ಸತ್ತ ವರ್ಷ, ಬಾವಿಯ ಹತ್ತಿರ ಎಲ್ಲರ ಮುಂದೆ ಅವಳನ್ನು ಒಣಗಿದ ಮೂಲಂಗಿ ಅಂದಿದ್ದೆ. ಆಡಿದ ಒಂದೊಂದು ಮಾತೂ ಸಾಲಾಗಿ ಬಂದು ಎದುರು ನಿಂತಿತು.

ಅವಳು ಗೇಟಿನಲ್ಲೇ ಇದ್ದಳು. ಸಿಪಾಯಿ ಟೋಪಿ ಮುಟ್ಟಿ ಕೇಳಿದ, "ಪಾನಿ, ಈ ಹುಡುಗ ಪೋಲಿಷಾ?"

"ಅದರಲ್ಲೇನು ಅನುಮಾನ? ಟ್ರಾಮಿನ ಇಗ್ನಾತ್ಸಿಯ ಮಗ. ನಮ್ಮ ಚರ್ಚಿನೋನು."

"ಮತ್ತೆ ಈ ಹೆಂಗಸು? ಮನೆ ಆಳು ಅಂತಾಳೆ."

ಪಾನಿ ಎಮಿಲಿಯಾ ನನ್ನ ಕಡೆ ತಿರುಗಿದಳು. ಕಾಲಿನಿಂದ ತಲೆಯವರೆಗೆ ನೋಡಿದಳು. ಹೊತ್ತ ಕೋಟು ನೋಡಿದಳು. ಆ ತುಟಿಯಂಚಿನ ಗಂಟು ಈಗ ಬಿಚ್ಚುತ್ತದೆ ಅಂತ ನನಗೆ ಖಚಿತವಾಗಿತ್ತು.

"ಆಳು ಅಂತ ಹೇಳ್ಕೊಂಡ್ಲಾ?" ಅಂದಳು ನಿಧಾನವಾಗಿ. "ಕೆಲಸ ಮಾಡಿದ್ರೆ ತಾನೆ ಆಳು! ಇವಳಷ್ಟು ಸೋಮಾರಿ ಹೆಂಗಸನ್ನ ನಾನು ಕಂಡಿಲ್ಲ. ಪಾಪ, ತಾಯಿಯಿಲ್ಲದ ಮನೆ ಅಂತ ಇಟ್ಕೊಂಡಿದ್ದಾರೆ."

"ತಾಯಿ ಇಲ್ವಾ?"

"ಹೋಗಿಬಿಟ್ಲು. ದೇವರಂಥ ಹೆಂಗಸು, ಎಂಥ ಮೃದು ಮಾತು! ನಾನೇ ಕಣ್ಣು ಮುಚ್ಚಿಸ್ದೆ." ಕರವಸ್ತ್ರದಿಂದ ಕಣ್ಣೊರಸಿಕೊಂಡಳು. ಆಮೇಲೆ ನನ್ನ ಮೇಲೆ ರೇಗಿದಳು. "ಏನೇ ತೇಕ್ಲಾ, ಬಾಯಿ ಬಿಟ್ಕೊಂಡು ನಿಂತಿದ್ದೀಯಾ? ಮೆಟ್ಟಿಲು ನೋಡು, ಹಂದಿ ಗೂಡಾಗಿದೆ. ತೊಳಿ, ನಡಿ! ನೀವು ಒಳಗೆ ಬನ್ನಿ, ಬಿಸಿ ಏನಾದ್ರೂ ಕುಡೀರಿ. ಎಷ್ಟು ದಿನದಿಂದ ನಿಮ್ಮ ದಾರಿ ಕಾಯ್ತಿದ್ವಿ."

ನಾನು ಬಕೆಟ್ ತಂದು ಮೆಟ್ಟಿಲು ತೊಳೆದೆ. ಮೊಣಕಾಲೂರಿ ಅವಳ ಹೊಸ್ತಿಲನ್ನೂ ಉಜ್ಜಿದೆ. ತೆರೆದ ಬಾಗಿಲಿನಿಂದ ಎಲ್ಲ ಕೇಳುತ್ತಿತ್ತು. ಸತ್ತುಹೋದ ಆ ಪೋಲಿಷ್ ತಾಯಿಯ ಗುಣಗಾನ ನಡೆದೇ ಇತ್ತು, ಅವಳ ಹಾಡು, ಅವಳ ಕಸೂತಿ, ಮಗನ ಮೇಲೆ ಅವಳಿಗಿದ್ದ ಪ್ರಾಣ. ನನಗೆ ಆ ಸತ್ತವಳ ಮೇಲೆ ಹೊಟ್ಟೆಕಿಚ್ಚಾಯಿತು. ಪಾನಿ ಎಮಿಲಿಯಾ ನಡುವೆ ಒಮ್ಮೆ ಹೊರಗೆ ಬಂದು, ನನ್ನ ಬಕೆಟಿನ ನೀರು ನೋಡುವ ಹಾಗೆ ಬಗ್ಗಿ, "ಕೈ ನಡುಗ್ತಿದೆ, ಮುಚ್ಕೋ," ಅಂತ ಪಿಸುಗುಟ್ಟಿ ಒಳಗೆ ಹೋದಳು. ಅದು ಕನಿಕರವೋ, ಇನ್ನು ಜನ್ಮಪೂರ್ತಿ ನಾನು ಅವಳ ಹೊಸ್ತಿಲು ಉಜ್ಜಬೇಕು ಅನ್ನುವುದರ ಮುನ್ಸೂಚನೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಿಪಾಯಿ ಹೋಗಲಿಲ್ಲ. ಬೀದಿ ಕಾಯಲು ತನ್ನನ್ನು ಇದೇ ಗೇಟಿಗೆ ಹಾಕಿದ್ದಾರೆ, ಕೆಲವು ದಿನ ಇಲ್ಲೇ ಇರುತ್ತೇನೆ ಅಂದ. ಪಾನಿ ಎಮಿಲಿಯಾ ತನ್ನ ನಡುಮನೆಯ ಸೋಫಾ ಬಿಟ್ಟುಕೊಟ್ಟಳು.

ನಾನು ಬಕೆಟ್ ಹಿಡಿದು ಮೇಲೆ ಬಂದೆ. ಸೆವೆರಿನ್ ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದ. ಒಲೆಯ ಮೇಲೆ ಗಂಜಿ ಹೊತ್ತಿ ಕರಕಲಾಗಿತ್ತು, ಅದನ್ನು ಇಳಿಸಬೇಕೆಂದೂ ಅವನಿಗೆ ತೋಚಿರಲಿಲ್ಲ. ನಾನು ಬಕೆಟ್ ಕೆಳಗಿಟ್ಟೆ. ಅವನು ಎದ್ದುನಿಂತ. ಶಾಲೆಯಲ್ಲಿ ಅಷ್ಟು ಗಟ್ಟಿಯಾಗಿದ್ದ ಮುಖ ಚಿಕ್ಕ ಮಗುವಿನ ಮುಖದ ಹಾಗೆ ಸೊಟ್ಟಗಾಯಿತು. ನನ್ನ ಒದ್ದೆ ಕೈಗಳನ್ನು ಹಿಡಿದುಕೊಂಡು, ದನಿ ತೆಗೆದು ಅತ್ತ.

"ಅಮ್ಮಾ! ಅಮ್ಮಾ, ನಾನು..."

ಕೆಳಗೆ ಸಿಪಾಯಿಯ ಬೂಟಿನ ಸದ್ದು ನಿಂತಿತು.

ನಾನು ಅವನ ಕೆನ್ನೆಗೆ ಹೊಡೆದೆ. ಮೂಗಿನಿಂದ ಮತ್ತೆ ರಕ್ತ ಬಂತು. ಅವನ ಬಾಯಿ ಒತ್ತಿ ಹಿಡಿದು, ಕಿವಿಗೆ ಬಾಯಿಟ್ಟು ಹೇಳಿದೆ.

"ಯಾರೋ ನಿಮ್ಮಮ್ಮ? ನಿಮ್ಮಮ್ಮ ಸತ್ತುಹೋದ್ಲು. ಕೇಳಿಸ್ಲಿಲ್ವಾ, ಕೆಳಗೆ ಅವಳು ಅಷ್ಟು ಹೇಳಿದ್ದು? ಆ ಮಾತು ಇನ್ನೊಂದ್ಸಲ ಬಾಯಲ್ಲಿ ಬಂದ್ರೆ ನಿನ್ನ ಕೊಂದುಹಾಕ್ತಾರೆ. ಹೇಳು, ನಾನ್ಯಾರು?"

ಅವನು ನನ್ನನ್ನೇ ನೋಡುತ್ತಿದ್ದ. ಕೈ ತೆಗೆದೆ. ಅವನು ಪಿಸುಗುಟ್ಟಿದ.

"ತೇಕ್ಲಾ."

"ಗಟ್ಟಿಯಾಗಿ ಹೇಳು," ಅಂದೆ. "ಕೆಳಗಿರೋನಿಗೆ ಕೇಳ್ಬೇಕು."